ತುಂಬದೆ ಉಳಿದ ಜಾಗ

ಆಫೀಸಿನಲ್ಲಿ ಅವಳನ್ನು ಎಲ್ಲರೂ ವಾಪಸಮ್ಮ ಎಂದೇ ಕರೆಯುತ್ತಿದ್ದರು. ಎದುರಿಗೇ ಕರೆಯುತ್ತಿದ್ದರು, ಅವಳೂ ಬೇಜಾರಿಲ್ಲದೆ ಓಗೊಡುತ್ತಿದ್ದಳು. ಕತ್ತರಿ ತೆಗೆದುಕೊಂಡವರು, ಕೊಡೆ ತೆಗೆದುಕೊಂಡವರು, ಈಗ ಬಂದೆ ಎಂದು ಕುರ್ಚಿ ಎಳೆದುಕೊಂಡು ಹೋದವರು, ಯಾರೇ ಆಗಲಿ, ಸಂಜೆ ಬಾಗಿಲು ದಾಟುವ ಮೊದಲು "ವಾಪಸ್ ಬಂತಾ?" ಎಂಬ ಅವಳ ಪ್ರಶ್ನೆಗೆ ಉತ್ತರ ಕೊಡಲೇಬೇಕಿತ್ತು. ಅವಳು ಹೋದ ಮೇಲೆ ಅವಳ ಮೇಜಿನ ಖಾನೆ ತೆರೆದು ನೋಡಿದರೆ ಅದರಲ್ಲಿ ಬೇರೆಯವರ ಒಂದು ಗುಂಡುಸೂಜಿಯೂ ಇರಲಿಲ್ಲ.

ಆ ಅಡ್ಡಹೆಸರು ಹುಟ್ಟಿದ್ದು ಅವಳ ಕೆಲಸದಿಂದ. ಕಂಪನಿ ಆಸ್ಪತ್ರೆಗಳಿಗೆ ಮಾನಿಟರ್ ಮಾಡಿಕೊಡುತ್ತಿತ್ತು. ರೋಗಿಯ ಬೆರಳಿಗೆ ಕ್ಲಿಪ್ಪು, ತಲೆಯ ಬಳಿ ಪರದೆ, ಪರದೆಯ ಮೇಲೆ ನಾಡಿಯ ಜೊತೆಗೆ ಏರಿಳಿಯುವ ಹಸಿರು ಗೆರೆ. ಕ್ಲಿಪ್ಪಿನಿಂದ ಬರುವ ಅಂಕಿಗಳನ್ನು ಪರದೆಗೆ ಮುಟ್ಟಿಸುವ ಪ್ರೋಗ್ರಾಂಗಳೆಲ್ಲ ಒಂದು ಲೈಬ್ರರಿಯ ಮೇಲೆ ನಿಂತಿದ್ದವು. ಪುಸ್ತಕದ ಲೈಬ್ರರಿ ಬೇರೆ. ಇದು ಉಳಿದ ಪ್ರೋಗ್ರಾಂಗಳು ಮತ್ತೆ ಮತ್ತೆ ಕರೆದು ದುಡಿಸಿಕೊಳ್ಳುವ ಸಿದ್ಧ ಕೋಡಿನ ಕಟ್ಟು. ಅದನ್ನು ಬರೆದು ಸಾಕಿದವಳು ಅವಳೊಬ್ಬಳೇ. ಅದರೊಳಗೆ ಕೈಹಾಕಲು ಬೇರೆಯವರಿಗೆ ಧೈರ್ಯವಿರಲಿಲ್ಲ, ಏಕೆಂದರೆ ಅದು ಮೆಮೊರಿಯನ್ನು ನೇರವಾಗಿ ಯಂತ್ರದಿಂದಲೇ ಎತ್ತಿಕೊಳ್ಳುತ್ತಿತ್ತು.

ಹೊಸಬರು ಸೇರಿದಾಗ ಅವಳು ಅದನ್ನು ತನ್ನದೇ ರೀತಿಯಲ್ಲಿ ಹೇಳಿಕೊಡುತ್ತಿದ್ದಳು. ಮನೆಯೊಳಗೆ ಬಳಸಿ ಬಿಸಾಡಿದ್ದನ್ನು ಗುಡಿಸುವವಳು ಬಂದು ಗುಡಿಸುತ್ತಾಳೆ. ಪ್ರೋಗ್ರಾಮಿನ ಭಾಷೆಯೂ ಹಾಗೇ, ತನ್ನ ಕಾಂಪೌಂಡಿನೊಳಗಿನ ಮೆಮೊರಿಯನ್ನು ತಾನೇ ಗುಡಿಸಿಕೊಳ್ಳುತ್ತದೆ. ಕಾಂಪೌಂಡಿನ ಆಚೆಯಿಂದ ತಂದದ್ದಕ್ಕೆ ಯಾರೂ ಬರುವುದಿಲ್ಲ, ತಂದವರೇ ವಾಪಸ್ ಕೊಡಬೇಕು. ಕೊಡದಿದ್ದರೆ ಯಂತ್ರ ತುಂಬುತ್ತ ತುಂಬುತ್ತ ಉಸಿರುಕಟ್ಟಿ ನಿಲ್ಲುತ್ತದೆ. ಕೊಟ್ಟ ಮೇಲೂ ಅದರೊಳಗೆ ಇಣುಕಿದರೆ ಇನ್ನೊಬ್ಬರ ಸಾಮಾನು ಕಣ್ಣಿಗೆ ಬೀಳುತ್ತದೆ. ಹಾಗೆ ತಂದ ಒಂದೊಂದು ತುಂಡಿಗೂ ಬಫರ್ ಎಂದು ಹೆಸರು. ಪ್ರತಿಸಲ ಹೊಸದು ತರುತ್ತ ಕೂತರೆ ಕೆಲಸ ನಿಧಾನವಾದೀತೆಂದು ಅವಳು ಒಂದಷ್ಟು ಬಫರುಗಳನ್ನು ಮೊದಲೇ ತಂದು ಗುಡ್ಡೆ ಹಾಕಿಟ್ಟಿದ್ದಳು. ಬೇಕಾದವರು ಒಂದನ್ನು ಎತ್ತಿಕೊಂಡು, ಅಂಕಿ ತುಂಬಿ, ಗೆರೆ ಬರೆದು, ಮರಳಿ ಗುಡ್ಡೆಗೆ ಹಾಕಬೇಕು. ಹಾಕುವಾಗ ಅವಳ ಕೋಡು ಅದನ್ನು ಪೂರ್ತಿ ಒರೆಸಿ ಸೊನ್ನೆ ಮಾಡುತ್ತಿತ್ತು. ಅವಳ ಅರ್ಧ ಆಯಸ್ಸು ಹೋದದ್ದು ಈ ಕೊಡುವ ತೆಗೆದುಕೊಳ್ಳುವ ಲೆಕ್ಕ ತಪ್ಪದಂತೆ ನೋಡಿಕೊಳ್ಳುವುದರಲ್ಲಿ.

ಅದೇ ಕೋಣೆಯಲ್ಲಿ ಅವಳಿಗೆ ಬೆನ್ನು ಮಾಡಿ ಕೂರುತ್ತಿದ್ದವಳು ಅವಳ ಗೆಳತಿ. ತಯಾರಾದ ಯಂತ್ರಗಳನ್ನು ಪರೀಕ್ಷೆ ಮಾಡುವುದು ಗೆಳತಿಯ ಕೆಲಸ. ಆ ಕೋಣೆಗೆ ಒಂದೇ ಕಿಟಕಿ, ಕಿಟಕಿಯಾಚೆ ಪಕ್ಕದ ಕಟ್ಟಡದ ಗೋಡೆ. ಗೋಡೆಯ ಪೈಪಿನಲ್ಲಿ ಒಂದು ಪಾರಿವಾಳ ವರ್ಷವಿಡೀ ಗೂಡು ಕಟ್ಟುವ ಪ್ರಯತ್ನ ಮಾಡುತ್ತಿತ್ತು, ಕಡ್ಡಿಗಳೆಲ್ಲ ಬೀಳುತ್ತಿದ್ದವು. "ಇದರದೂ ನಮ್ಮ ಪ್ರಾಜೆಕ್ಟಿನ ಹಾಗೇ ಕಣೇ," ಎಂದು ವಾಪಸಮ್ಮ ಕುರ್ಚಿ ತಿರುಗಿಸದೆಯೇ ಹೇಳುತ್ತಿದ್ದಳು.

ವಾಪಸಮ್ಮನಿಗೆ ಮದುವೆ ಆಗಿರಲಿಲ್ಲ. ಅಣ್ಣನ ಮನೆಯಲ್ಲಿದ್ದಳು. ಅಣ್ಣನದು ಹೊಲಿಗೆ ಯಂತ್ರ ರಿಪೇರಿ ಅಂಗಡಿ, ಅಂಗಡಿಯ ಮೇಲೆ ಎರಡು ಕೋಣೆಯ ಮನೆ. ಮೆಟ್ಟಿಲು ಹತ್ತುವಾಗಲೇ ಮೆಷಿನ್ ಎಣ್ಣೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಅಣ್ಣ ಮಿತಭಾಷಿ, ಅತ್ತಿಗೆ ಅವನ ಪಾಲಿನದನ್ನೂ ಸೇರಿಸಿ ಮಾತಾಡುವವಳು. ನಾದಿನಿಯ ಕೆಲಸ ಏನೆಂದು ಯಾರಾದರೂ ಕೇಳಿದರೆ ಅತ್ತಿಗೆ ಹೇಳುತ್ತಿದ್ದದ್ದು ಒಂದೇ ಮಾತು: "ಕಂಪ್ಯೂಟರ್‌ನಲ್ಲಿ ಪಾತ್ರೆ ತೊಳೀತಾಳೆ. ಮನೇಲಿ ಮಾತ್ರ ಒಂದು ಲೋಟ ತೊಳೆಯಲ್ಲ." ಅದನ್ನು ಕೇಳಿ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವಳು ವಾಪಸಮ್ಮನೇ.

ಆ ಪಾತ್ರೆ ತೊಳೆಯುವ ವಿಷಯದಲ್ಲೇ ಅವಳು ಎಡವಿದಳು.

ಮೊದಲು ಒಂದು ಹಾಸಿಗೆಗೆ ಒಂದು ಯಂತ್ರವಿತ್ತು. ಆಮೇಲೆ ಕಂಪನಿ ಹೊಸ ಮಾದರಿ ತಂದಿತು. ಇಡೀ ವಾರ್ಡಿಗೆ ಒಂದೇ ಯಂತ್ರ, ಪ್ರತಿ ಹಾಸಿಗೆಗೆ ಬರೀ ಪರದೆ ಮತ್ತು ಕ್ಲಿಪ್ಪಿನ ಪುಟ್ಟ ಡಬ್ಬಿ. ಅಷ್ಟೂ ಹಾಸಿಗೆಗಳ ಅಂಕಿಗಳು ಒಂದೇ ಗುಡ್ಡೆಯ ಬಫರುಗಳಲ್ಲಿ ಓಡಾಡತೊಡಗಿದಾಗ ಯಂತ್ರಕ್ಕೆ ಏದುಸಿರು ಬಂತು. ಗೆರೆ ತಡವರಿಸುತ್ತದೆ, ನೋಡಿದರೆ ರೋಗಿಗೇ ಏನೋ ಆಗಿದೆ ಅನ್ನಿಸುತ್ತದೆ ಎಂದು ಡಾಕ್ಟರುಗಳು ದೂರಿದರು. ಮ್ಯಾನೇಜರು ದಿನಾ ಅವಳ ಕುರ್ಚಿಯ ಹಿಂದೆ ಬಂದು ನಿಂತು ಗಂಟಲು ಸರಿಮಾಡಿಕೊಂಡು ಹೋಗುತ್ತಿದ್ದರು. ಅಳೆದು ನೋಡಿದಾಗ ಹೊತ್ತು ತಿನ್ನುತ್ತಿದ್ದದ್ದು ಒರೆಸುವ ಕೆಲಸವೇ ಎಂದು ಅವಳಿಗೆ ಗೊತ್ತಾಯಿತು. ಒಂದು ಸಂಜೆ ಗೆಳತಿಯ ಕಡೆ ಕುರ್ಚಿ ತಿರುಗಿಸಿ ತನ್ನ ಯೋಚನೆ ಹೇಳಿದಳು. ಹೇಗೂ ಮುಂದಿನವರು ಬಫರಿನ ತುಂಬ ಹೊಸ ಅಂಕಿ ತುಂಬುತ್ತಾರೆ, ಹಳೆಯದೆಲ್ಲ ಅದರಡಿ ಮುಚ್ಚಿಹೋಗುತ್ತದೆ, ಮತ್ತೆ ಒರೆಸುವುದೇಕೆ? ಗೆಳತಿಗೂ ಅದು ಸರಿಯೆನಿಸಿತು. ಯಾರಿಗಾದರೂ ಸರಿಯೆನಿಸುವಂತಿತ್ತು. ಒರೆಸುವ ಸಾಲು ತೆಗೆದ ಮೇಲೆ ಗೆರೆ ನೀರು ಹರಿದಂತೆ ಹರಿಯಿತು. ಮ್ಯಾನೇಜರು ಕೈಕುಲುಕಿದರು. ಯಂತ್ರಗಳು ಪೆಟ್ಟಿಗೆಯೊಳಗೆ ಕೂತು ಆಸ್ಪತ್ರೆಗಳಿಗೆ ಹೊರಟವು.

ಗೆಳತಿಯ ಪರೀಕ್ಷಾ ಮೇಜಿನ ಮೇಲೆ ಇದ್ದದ್ದು ನಾಡಿಯಂತೆ ಮಿಡಿಯುವ ರಬ್ಬರಿನ ಬೆರಳುಗಳು. ಅವಕ್ಕೆ ನಾಡಿ ತಪ್ಪುವುದಿಲ್ಲ, ನಿದ್ದೆಯಲ್ಲಿ ಕ್ಲಿಪ್ಪು ಕಿತ್ತುಕೊಳ್ಳುವ ಅಭ್ಯಾಸವೂ ಇಲ್ಲ. ಒಂದು ಮಧ್ಯಾಹ್ನ ಒಂದು ರಬ್ಬರಿನ ಬೆರಳು ಕೆಟ್ಟಿತ್ತೆಂದು ಗೆಳತಿ ತನ್ನ ಬೆರಳನ್ನೇ ಕೊಟ್ಟು ಕೂತಿದ್ದಳು. ಚಹಾ ಬಂತು, ಕಪ್ಪು ಹಿಡಿಯಲು ಕ್ಲಿಪ್ಪು ಕಳಚಿಟ್ಟಳು. ಅರ್ಧ ಕಪ್ಪು ಕುಡಿದ ಮೇಲೆ ನೋಡಿದರೆ ಪರದೆಯ ಮೇಲೆ ಅವಳ ನಾಡಿ ಆರಾಮಾಗಿ ನಡೆಯುತ್ತಲೇ ಇತ್ತು.

"ನೋಡೇ ಇಲ್ಲಿ," ಎಂದು ಗೆಳತಿ ನಕ್ಕಳು. "ನಾನು ಸತ್ತರೂ ನಿನ್ನ ಮೆಷಿನ್ ನನ್ನನ್ನ ಬಿಡೋ ಹಾಗೆ ಕಾಣಲ್ಲ."

ವಾಪಸಮ್ಮ ಕುರ್ಚಿ ತಿರುಗಿಸಿದಳು. ಪರದೆ ನೋಡಿದಳು, ಮೇಜಿನ ಮೇಲೆ ಬಿದ್ದಿದ್ದ ಕ್ಲಿಪ್ಪು ನೋಡಿದಳು. ಆಮೇಲೆ ಪಕ್ಕದ ರಬ್ಬರಿನ ಬೆರಳಿನ ಪರದೆ ನೋಡಿದಳು. ಎರಡರ ಗೆರೆಯೂ ಒಂದೇ ಥರ ಏರುತ್ತಿತ್ತು, ಒಂದೇ ಥರ ಇಳಿಯುತ್ತಿತ್ತು.

"ಅದು ನಿಂದಲ್ಲ," ಎಂದಳು ವಾಪಸಮ್ಮ. "ಪಕ್ಕದ್ದು."

ಬೆರಳಾಗಲಿ ನಾಡಿಯಾಗಲಿ ಸಿಗದಿದ್ದಾಗ ಹೊಸ ಡಬ್ಬಿ ಅಂಕಿ ಕಳಿಸುವುದನ್ನು ಆರಂಭದಲ್ಲೇ ನಿಲ್ಲಿಸಿಬಿಡುತ್ತಿತ್ತು. ಬಫರಿನ ಬಾಯಿ ಮಾತ್ರ ತುಂಬಿ, ಮಿಕ್ಕ ಜಾಗದಲ್ಲಿ ಹಿಂದಿನವರ ಅಂಕಿಗಳು ಹಾಗೇ ಉಳಿಯುತ್ತಿದ್ದವು. ಪರದೆ ಅದನ್ನೇ ಗೆರೆಯಾಗಿ ಬರೆಯುತ್ತಿತ್ತು. ಅಲಾರಂ ಕೂಡ ನೋಡುತ್ತಿದ್ದದ್ದು ಅದೇ ಬಫರನ್ನು, ಹಾಗಾಗಿ ಅದೂ ಬಾಯಿ ಬಿಡುತ್ತಿರಲಿಲ್ಲ. ಒಬ್ಬರ ಎದೆ ನಿಂತಾಗ ಪಕ್ಕದ ಹಾಸಿಗೆಯವರ ಎದೆ ಅವರ ಪರದೆಯ ಮೇಲೆ ಬಡಿದುಕೊಳ್ಳುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ.

ಪೂರ್ತಿ ಒರೆಸಬೇಕಾದ್ದೇ ಇರಲಿಲ್ಲ. ತುಂಬದೆ ಉಳಿದ ಜಾಗವನ್ನಷ್ಟೇ ಒರೆಸಿದರೆ ಸಾಕಿತ್ತು. ಬಫರು ತುಂಬಿದಾಗ ಒರೆಸಲು ಏನೂ ಇರುವುದಿಲ್ಲ, ವೇಗಕ್ಕೂ ಧಕ್ಕೆಯಿಲ್ಲ. ಅಂದು ಸಂಜೆಯೊಳಗೆ ಬರೆದು ಮುಗಿಸಿದಳು. ಇಷ್ಟೇ ಆಗಿತ್ತಲ್ಲ, ಆವತ್ತೇ ಹೊಳೆಯಬಾರದಿತ್ತಾ ಎಂದು ಗೆಳತಿಯ ಹತ್ತಿರ ಅಂದದ್ದು ಆಮೇಲೆ, ದಾರಿಯಲ್ಲಿ.

ಮ್ಯಾನೇಜರು ಕೆಟ್ಟ ಮನುಷ್ಯರೇನಲ್ಲ, ಹೆದರುವ ಮನುಷ್ಯ. ಆಸ್ಪತ್ರೆಗಳಿಗೆ ಹೀಗಾಗಿದೆ ಎಂದು ತಿಳಿಸಿದರೆ ಆ ಸುದ್ದಿ ಕಂಪನಿಯನ್ನೇ ಮುಚ್ಚಿಸುತ್ತದೆ, ತಿದ್ದಿದ್ದು ಮುಂದಿನ ಆವೃತ್ತಿಯಲ್ಲಿ ಸದ್ದಿಲ್ಲದೆ ಹೋಗಲಿ ಎಂದರು. ಮುಂದಿನ ಆವೃತ್ತಿ ಯಾವಾಗ ಎಂದು ಕೇಳಿದ್ದಕ್ಕೆ ನೋಡೋಣ ಎಂದರು.

"ಅಲ್ಲಿ ನರ್ಸ್‌ಗಳಿದ್ದಾರೆ, ಡಾಕ್ಟರ್‌ಗಳಿದ್ದಾರೆ. ಬರೀ ನಮ್ಮ ಪರದೆ ನಂಬ್ಕೊಂಡು ಯಾರೂ ಕೂತಿರಲ್ಲ ಮೇಡಂ."

"ನಂಬ್ಕೊಂಡು ಕೂರಿ ಅಂತ ಹೇಳಿಯೇ ಅಲ್ವಾ ಸರ್ ನಾವು ಮಾರಿದ್ದು?"

ಮ್ಯಾನೇಜರು ಕೆಲಸ ಇದೆ ಎಂಬಂತೆ ಫೋನು ಎತ್ತಿಕೊಂಡರು.

ಆ ದಿನಗಳಲ್ಲೇ ಅವಳಿಗೆ ಉಸಿರು ಸಾಲದಾಗಿತ್ತು. ಆಫೀಸಿನ ಮೆಟ್ಟಿಲ ತಿರುವಿನಲ್ಲಿ ನಿಂತು ಫೋನು ನೋಡುವವಳ ಹಾಗೆ ನಟಿಸಿ ದಮ್ಮು ತೆಗೆದುಕೊಳ್ಳುತ್ತಿದ್ದಳು. ಶ್ವಾಸಕೋಶ ಒಳಗೊಳಗೇ ಗಟ್ಟಿಯಾಗುತ್ತ ಬರುವ ಕಾಯಿಲೆ, ಹಿಂದಕ್ಕೆ ತಿರುಗುವಂಥದ್ದಲ್ಲ ಎಂದು ಡಾಕ್ಟರು ಹೇಳಿದ್ದನ್ನು ಮನೆಯಲ್ಲಿ ಮುಚ್ಚಿಟ್ಟು ಗೆಳತಿಗೆ ಮಾತ್ರ ಹೇಳಿದ್ದಳು. ಹೇಳಿದ್ದೂ ತಮಾಷೆಯಾಗಿಯೇ: "ಗಾಳಿ ತಗೋತೀನಿ, ವಾಪಸ್ ಕೊಡೋಕೆ ಆಗ್ತಿಲ್ಲ ಕಣೇ. ಎಲ್ಲರ ಹತ್ರ ಕೇಳಿ ಕೇಳಿ ಪಾಪ ಸುತ್ಕೊಂಡಿತು."

ಹೀಗಿರುವಾಗ ಆಸ್ಪತ್ರೆಗಳಿಗೆ ಹೋಗಿ ಯಂತ್ರ ನೋಡಿಬರುವ ಸರ್ವಿಸ್‌ನವನು ಒಂದು ದಿನ ಚಹಾದ ಹೊತ್ತಿಗೆ ಒಂದು ಕಥೆ ಹೇಳಿದ. ಒಂದು ವಾರ್ಡಿನಲ್ಲಿ ನರ್ಸು ಬೆಡ್‌ಶೀಟ್ ಬದಲಿಸಲು ಹೋಗಿ ತಾತನ ಕಾಲು ಮುಟ್ಟಿದರೆ ಕಾಲು ತಣ್ಣಗಿತ್ತಂತೆ, ತಾತ ಹೋಗಿ ಎಷ್ಟು ಹೊತ್ತಾಗಿತ್ತೋ, ಪರದೆಯ ಮೇಲೆ ಮಾತ್ರ ನಾಡಿ ಹುಡುಗನ ನಾಡಿಯಂತೆ ಓಡುತ್ತಿತ್ತಂತೆ. ಅವನು ಅದನ್ನು ದೆವ್ವದ ಕಥೆಯ ಹಾಗೆ ಹೇಳಿದ, ಕೇಳಿದವರು ನಕ್ಕರು. ವಾಪಸಮ್ಮ ಚಹಾ ಅಲ್ಲೇ ಇಟ್ಟು ಎದ್ದುಹೋದಳು. ಗೆಳತಿ ಹಿಂದೆಯೇ ಹೋದಾಗ ಅವಳು ಕೈತೊಳೆಯುವ ತೊಟ್ಟಿಯ ಮುಂದೆ ನಲ್ಲಿ ಬಿಟ್ಟುಕೊಂಡು ನಿಂತಿದ್ದಳು. ಕೈ ನೀರಿಗೆ ಹಿಡಿದಿರಲಿಲ್ಲ.

ಮಾರನೆಯ ದಿನದಿಂದ ಅವಳು ಯಾರನ್ನೂ ಕೇಳಲಿಲ್ಲ. ತಿದ್ದಿದ ಪ್ರೋಗ್ರಾಮನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಸರ್ವಿಸ್‌ನವನ ಜೊತೆ ವ್ಯಾನು ಹತ್ತಿದಳು. ಯಂತ್ರದ ಧೂಳು ತೆಗೆಯಲು ಬಂದಿದ್ದೇವೆ ಎಂದು ಹೇಳಿಕೊಂಡು ವಾರ್ಡಿನಿಂದ ವಾರ್ಡಿಗೆ ಹೋದಳು. ಸರ್ವಿಸ್‌ನವನು ಧೂಳು ಒರೆಸುತ್ತಿದ್ದ, ಅವಳು ಯಂತ್ರ ನಿಲ್ಲಿಸಿ ಹೊಸದು ತುಂಬಿ ಮತ್ತೆ ಚಾಲೂ ಮಾಡುತ್ತಿದ್ದಳು. ಮ್ಯಾನೇಜರಿಗೆ ಸುದ್ದಿ ಮುಟ್ಟಿತು. ನಾನು ನೋಡಿಲ್ಲ, ನನಗೆ ಗೊತ್ತಿಲ್ಲ ಎಂದುಬಿಟ್ಟರು. ಅದಕ್ಕಿಂತ ಹೆಚ್ಚಿನದನ್ನು ಅವಳು ಅವರಿಂದ ಬಯಸಿರಲೂ ಇಲ್ಲ.

ಕೊನೆಗೆ ಉಳಿದದ್ದು ಒಂದೇ ವಾರ್ಡು, ತಾತ ತೀರಿಕೊಂಡ ಅದೇ ವಾರ್ಡು. ಅದು ಯಾವಾಗಲೂ ತುಂಬಿರುತ್ತಿತ್ತು. ರೋಗಿಗಳಿರುವಾಗ ಯಂತ್ರ ನಿಲ್ಲಿಸಲು ಬಿಡುವುದಿಲ್ಲ, ಖಾಲಿಯಾದಾಗ ಬನ್ನಿ ಎಂದು ಅಲ್ಲಿಯ ಹಿರಿಯ ನರ್ಸು ಬಾಗಿಲಲ್ಲೇ ಹೇಳಿ ಕಳಿಸಿದರು. ಎರಡನೆಯ ಸಲ ಹೋದಾಗಲೂ ಅದೇ ಮಾತು. ಮೂರನೆಯ ಸಲ ಹೋಗಲು ವಾಪಸಮ್ಮನಿಗೆ ಮೆಟ್ಟಿಲು ಇಳಿಯಲಾಗಲಿಲ್ಲ. ಅಣ್ಣ ಅಂಗಡಿ ಹಾಗೇ ಬಿಟ್ಟು, ಎಣ್ಣೆಯ ಕೈಯಲ್ಲೇ ಅವಳನ್ನು ಎತ್ತಿಕೊಂಡು ಕೆಳಗೆ ಬಂದ. ಹತ್ತಿರದ ಆಸ್ಪತ್ರೆ ಅದೇ ಆಗಿತ್ತು. ಮಲಗಿಸಿದ್ದೂ ಅದೇ ವಾರ್ಡಿನಲ್ಲಿ.

ಗೆಳತಿ ಓಡಿ ಬಂದಾಗ ಅವಳ ಮೂಗಿಗೆ ಆಕ್ಸಿಜನ್ ನಳಿಕೆ, ಬೆರಳಿಗೆ ಕ್ಲಿಪ್ಪು. ಮಾತಾಡಬೇಡ ಎಂದು ಅತ್ತಿಗೆ ಗದರಿಸುತ್ತಿದ್ದಳು. ವಾಪಸಮ್ಮ ಗೆಳತಿಗೆ ಕಣ್ಣಲ್ಲೇ ಕ್ಲಿಪ್ಪು ತೋರಿಸಿದಳು.

"ತೆಗಿ."

ಗೆಳತಿ ತೆಗೆದಳು. ಪರದೆಯ ಮೇಲೆ ಗೆರೆ ಒಂದು ಕ್ಷಣ ನಡುಗಿ ಮತ್ತೆ ಓಡತೊಡಗಿತು. ಈಗ ನಿಧಾನವಾಗಿ, ಬಿಟ್ಟು ಬಿಟ್ಟು ಓಡುತ್ತಿತ್ತು. ಪಕ್ಕದ ಹಾಸಿಗೆಯಲ್ಲಿ ಒಬ್ಬ ಅಜ್ಜಿ ಬಾಯಿ ತೆರೆದು ಮಲಗಿದ್ದರು. ಗೆರೆ ಅವರದು.

ಹಿರಿಯ ನರ್ಸನ್ನು ಕರೆಯಿರಿ ಎಂದಳು ವಾಪಸಮ್ಮ. ಅವರು ಸಿಡುಕುತ್ತಲೇ ಬಂದರು. ಅವಳು ಏನನ್ನೂ ವಿವರಿಸಲಿಲ್ಲ, ವಿವರಿಸುವಷ್ಟು ಉಸಿರೂ ಇರಲಿಲ್ಲ. ಖಾಲಿ ಬೆರಳನ್ನು ಎತ್ತಿ ತೋರಿಸಿದಳು, ಆಮೇಲೆ ಪರದೆಯನ್ನು. ನರ್ಸು ಬೆರಳನ್ನೂ ಪರದೆಯನ್ನೂ ನೋಡಿದರು. ಕಣ್ಣು ಮೂಲೆಯ ಹಾಸಿಗೆಯತ್ತ ಹೋಯಿತು. ಅಲ್ಲಿ ಈಗ ಬೇರೆ ಯಾರೋ ಮಲಗಿದ್ದರು.

"ಆವತ್ತು ತಾತ..." ಎಂದು ನರ್ಸು ನಿಲ್ಲಿಸಿದರು.

"ಹೌದು. ತಪ್ಪು ನಂದೇ. ನಾನೇ ಬರೆದಿದ್ದು." ಎರಡು ಉಸಿರು ಎಳೆದುಕೊಂಡು ಅವಳು ಮುಗಿಸಿದಳು. "ಸ್ವಲ್ಪ ಹೊತ್ತು ನಿಲ್ಸೋಕೆ ಬಿಡಿ. ಅಷ್ಟೊತ್ತು ಎಲ್ಲರ ಕೈ ಹಿಡ್ಕೊಳ್ಳಿ."

ನರ್ಸು ಬಯ್ಯಲಿಲ್ಲ. ಅದೇ ಹೆಚ್ಚು ನೋವಾಯಿತೆಂದು ವಾಪಸಮ್ಮ ಆಮೇಲೆ ಹೇಳಿದಳು.

ಗೆಳತಿ ಫೋನು ಮಾಡಿ ಕರೆಸಿದ ಸರ್ವಿಸ್‌ನವನು ಪೆನ್‌ಡ್ರೈವ್ ಹಿಡಿದು ಬಂದ. ವಾರ್ಡಿನಲ್ಲಿದ್ದ ನರ್ಸುಗಳೆಲ್ಲ ಒಂದೊಂದು ಹಾಸಿಗೆಯ ಬಳಿ ನಿಂತರು, ಅವರು ಸಾಲದಾದಾಗ ನೋಡಲು ಬಂದಿದ್ದ ನೆಂಟರನ್ನೂ ಕರೆದು ಮಣಿಕಟ್ಟಿನಲ್ಲಿ ಬೆರಳು ಎಲ್ಲಿಡಬೇಕೆಂದು ತೋರಿಸಿಕೊಟ್ಟರು. ಹೊರಗೆ ಬಕೆಟ್ ಹಿಡಿದು ಹೋಗುತ್ತಿದ್ದ ನೆಲ ಒರೆಸುವವಳೂ ಒಳಗೆ ಬಂದು ಒಬ್ಬರ ಕೈ ಹಿಡಿದಳು. ಗೆಳತಿಯ ಪಾಲಿಗೆ ಪಕ್ಕದ ಅಜ್ಜಿ ಬಂದರು. ಅಣ್ಣ ತಂಗಿಯ ಮಣಿಕಟ್ಟು ಹಿಡಿದ. ಯಂತ್ರ ನಿಂತಿತು, ಪರದೆಗಳೆಲ್ಲ ಒಟ್ಟಿಗೆ ಕಪ್ಪಾದವು. ಅಪರಿಚಿತರು ಅಪರಿಚಿತರ ಕೈ ಹಿಡಿದು, ಇದೆ, ಇದೆ ಎಂದು ತಮಗೆ ತಾವೇ ಹೇಳಿಕೊಳ್ಳುವವರ ಹಾಗೆ ತಲೆಯಾಡಿಸುತ್ತ ನಿಂತಿದ್ದರು. ಅಜ್ಜಿ ಕಣ್ಣು ಬಿಟ್ಟು, "ಯಾರಮ್ಮ ನೀನು, ನಮ್ಮ ಸೊಸೆ ಅಲ್ವಲ್ಲ?" ಎಂದರು. ಅಲ್ಲ ಅಜ್ಜಿ ಎಂದಳು ಗೆಳತಿ. "ಅದಕ್ಕೇ ಮೆತ್ತಗೆ ಹಿಡ್ಕೊಂಡಿದೀಯ," ಎಂದು ಅಜ್ಜಿ ಮತ್ತೆ ಕಣ್ಣು ಮುಚ್ಚಿದರು.

ಅಣ್ಣ ಮಾತ್ರ ಯಾರ ಕಡೆಗೂ ನೋಡಲಿಲ್ಲ. ಎಷ್ಟೋ ಹೊಲಿಗೆ ಯಂತ್ರಗಳ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ಮನುಷ್ಯ. ತಂಗಿಯ ನಾಡಿ ಬೆರಳಿಗೆ ತಾಗಿದಾಗ ಅವನಿಗೆ ಮುಚ್ಚಿಟ್ಟದ್ದೆಲ್ಲ ಗೊತ್ತಾಗಿಹೋಯಿತು. "ಪುಟ್ಟಿ, ಎಷ್ಟು ದಿನದಿಂದ?" ಎಂದು ಕೇಳಿದ.

ಪರದೆಗಳು ಬೆಳಗಿದವು. ಗೆಳತಿ ಕ್ಲಿಪ್ಪು ಹಾಕಿದಳು, ಗೆರೆ ಬಂತು. ತೆಗೆದಳು. ಪರದೆಯ ಮೇಲೆ ಬಡಿತದ ಒಂದು ತುಂಡೂ ಇರಲಿಲ್ಲ, ಬರೀ ಚಪ್ಪಟೆ ಗೆರೆ. ಮರುಕ್ಷಣ ಅಲಾರಂ ಕಿರುಚಿತು. ಅತ್ತಿಗೆ ಬೆಚ್ಚಿಬಿದ್ದು ಎದೆಗೆ ಕೈಯಿಟ್ಟುಕೊಂಡಳು. ವಾಪಸಮ್ಮನ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ಗೆಳತಿ ಆ ಯಂತ್ರ ಮಾರುಕಟ್ಟೆಗೆ ಹೋದ ದಿನವೂ ಕಂಡಿರಲಿಲ್ಲ. ನೆಮ್ಮದಿಯೆಂದರೆ ನಗುವೇನಲ್ಲ. ತಾತನ ಹಾಸಿಗೆಯ ಕಡೆ ಇನ್ನೊಮ್ಮೆ ನೋಡಿ ಕಣ್ಣು ಮುಚ್ಚಿಕೊಂಡಳು.

ಕೆಲವು ದಿನಗಳಾದ ಮೇಲೆ ಒಂದು ಮಧ್ಯಾಹ್ನ, ಅತ್ತಿಗೆ ಅವಳ ತಲೆ ಬಾಚುತ್ತಿದ್ದಾಗ ಕ್ಲಿಪ್ಪು ಬೆರಳಲ್ಲೇ ಇದ್ದಂತೆ ಗೆರೆ ಚಪ್ಪಟೆಯಾಯಿತು. ಅಲಾರಂ ಆಯಿತು. ನರ್ಸುಗಳು ಓಡಿ ಬಂದರು, ಡಾಕ್ಟರು ಬಂದರು, ಎದೆ ಒತ್ತಿದರು, ಮಾಡಬೇಕಾದದ್ದನ್ನೆಲ್ಲ ಮಾಡಿದರು. ಆಗಲಿಲ್ಲ. ಅತ್ತಿಗೆ ಬಾಚಣಿಗೆ ಹಿಡಿದುಕೊಂಡೇ ಕಾರಿಡಾರಿನಲ್ಲಿ ನಿಂತಿದ್ದಳು. ಅವಳ ಪಾಲಿನ ಮಾತನ್ನು ಅಂದು ಅಣ್ಣ ಆಡಬೇಕಾಯಿತು. ಗೆಳತಿಯನ್ನು ಕಂಡಾಗ ಅವನು ಕೇಳಿದ್ದು ಒಂದೇ.

"ಮೆಷಿನ್ ಸರಿಯಾಗಿ ಹೇಳ್ತಲ್ವಾ?"

"ಹೇಳ್ತು ಅಣ್ಣ. ತಕ್ಷಣ ಹೇಳ್ತು."

ಅವನು ತಲೆಯಾಡಿಸಿದ. ರಿಪೇರಿ ಮುಗಿದ ಯಂತ್ರವನ್ನು ಗಿರಾಕಿ ಒಪ್ಪಿಕೊಂಡಾಗ ಆಡಿಸುವ ಹಾಗೆ.

ಕಂಪನಿಯ ಮುಂದಿನ ಆವೃತ್ತಿ ಕೊನೆಗೂ ಹೊರಬಂತು. ಅದರ ಜೊತೆಗಿನ ಹಾಳೆಯಲ್ಲಿ ಅವಳ ತಿದ್ದುಪಡಿಯ ಬಗ್ಗೆ 'ಸಣ್ಣಪುಟ್ಟ ಸುಧಾರಣೆಗಳು' ಎಂದಿತ್ತು. ಮ್ಯಾನೇಜರು ಮನೆಗೆ ಬಂದು ಅಣ್ಣನ ಮುಂದೆ ಕೈಮುಗಿದು ಕೂತು, ಕೊಟ್ಟ ಕಾಫಿ ಕುಡಿಯದೆ ಎದ್ದುಹೋದರು. ತಾತನ ಮನೆಯವರಿಗೆ ಯಾರೂ ಏನೂ ಹೇಳಲಿಲ್ಲ. ಹೇಳಬೇಕೆಂದು ಅವಳಿಗಿತ್ತು, ಅವರ ವಿಳಾಸ ವಿಚಾರಿಸಿಕೊಡು ಎಂದು ಗೆಳತಿಗೆ ಹೇಳಿದ್ದಳು. ಅದೊಂದು ವಾಪಸ್ ಕೊಡದೆ ಉಳಿಯಿತು.

ಅವಳು ಹೋದ ಮರುದಿನ, ವಾರ್ಡಿನಲ್ಲಿ ಬಿಟ್ಟುಬಂದಿದ್ದ ನೀರಿನ ಬಾಟಲಿ ಮತ್ತು ಶಾಲು ತರಲು ಗೆಳತಿಯೇ ಹೋಗಿದ್ದಳು. ಹಾಸಿಗೆಗೆ ಬೇರೆಯವರು ಬಂದಿದ್ದರು, ಯಾರೋ ನಡುವಯಸ್ಸಿನ ಗಂಡಸು, ಕಾಲ ಬಳಿ ಅವನ ಹೆಂಡತಿ. ತಲೆಯ ಬಳಿ ಅದೇ ಪರದೆ. ನರ್ಸು ಅವನ ಬೆರಳಿಗೆ ಕ್ಲಿಪ್ಪು ಹಾಕಲು ಸಿದ್ಧವಾಗುತ್ತಿದ್ದರು, ಇನ್ನೂ ಹಾಕಿರಲಿಲ್ಲ. ಅಷ್ಟು ಹೊತ್ತು ಗೆಳತಿ ಶಾಲು ಎದೆಗವಚಿಕೊಂಡು ಪರದೆಯನ್ನೇ ನೋಡುತ್ತ ನಿಂತಳು. ವಾಪಸಮ್ಮನ ನಾಡಿಯ ಒಂದು ಏರು, ಒಂದು ಇಳಿತ, ಎಲ್ಲಾದರೂ ಮೂಲೆಯಲ್ಲಿ ಸಿಕ್ಕಿಕೊಂಡು ಉಳಿದಿರಬಹುದೇ ಎಂದು ನೋಡಿದಳು. ಹಾಗೆ ಉಳಿಯಲಾರದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ವಾರ್ಡಿನಲ್ಲಿ ಇರಲಿಲ್ಲ. ಆದರೂ ನೋಡಿದಳು.

ಏನೂ ಇರಲಿಲ್ಲ. ವಾಪಸಮ್ಮ ಎಲ್ಲವನ್ನೂ ಒರೆಸಿ ಕೊಟ್ಟು ಹೋಗಿದ್ದಳು.

ನರ್ಸು ಕ್ಲಿಪ್ಪು ಹಾಕಿದರು. ಹೊಸಬನ ಗೆರೆ ಎಡದಿಂದ ಏಳುತ್ತ ಬಂತು. ಅವನ ಹೆಂಡತಿ ಅದನ್ನು ನೋಡಿ ಹಿಡಿದುಕೊಂಡಿದ್ದ ಉಸಿರು ಬಿಟ್ಟಳು.